ಕೂಲಿ ಹರಾಜಿಗಲ್ಲ

ಚರಂಡಿಯೋ ಸಮುದಾಯ ಭವನವೋ ಅಂದಾಜಿಗಿಂತ ಶೇ 20ರಷ್ಟು ಕಡಿಮೆ ದರಕ್ಕೆ ಟೆಂಡರ್ ಹೋದರೆ ನಗರಸಭೆಯವರು ಅದನ್ನು ಸಾಧನೆಯೆಂದು ಹೇಳಿಕೊಳ್ಳುತ್ತಾರೆ. ತೆರಿಗೆದಾರರ ಹಣ ಉಳಿಯಿತಂತೆ. ಎಲ್ಲಿಂದ ಉಳಿಯಿತೆಂದು ಕೇಳುವವರಿಲ್ಲ. ಸಿಮೆಂಟು, ಕಬ್ಬಿಣ, ಜಲ್ಲಿ, ಡೀಸೆಲ್ ಎಲ್ಲ ಗುತ್ತಿಗೆದಾರರಿಗೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತವೆ. ಹಿಂಡಲು ಬರುವುದು ಮುಖ್ಯವಾಗಿ ಎರಡನ್ನು: ಕೆಲಸದ ಗುಣಮಟ್ಟ, ಕೆಲಸದವರ ಕೂಲಿ. ಗುಣಮಟ್ಟ ಕೆಟ್ಟರೆ ಮೊದಲ ಮಳೆಗೇ ಊರಿಗೆಲ್ಲ ಗೊತ್ತಾಗುತ್ತದೆ. ಕೂಲಿ ಕಡಿತವಾದದ್ದು ಯಾದಗಿರಿಯಿಂದಲೋ ಬಿಹಾರದಿಂದಲೋ ಗುಳೆ ಬಂದವರಿಗಷ್ಟೇ ಗೊತ್ತು.

ಆದ್ದರಿಂದ ಸ್ಥಳೀಯ ಸಂಸ್ಥೆಗಳು ತಮ್ಮ ಕಾಮಗಾರಿಗಳ ಮಟ್ಟಿಗೆ ನ್ಯಾಯಯುತ ಕೂಲಿಯ ನಿಯಮವನ್ನು ತಾವೇ ಮಾಡಬೇಕು ಎಂಬುದು ನನ್ನ ವಾದ. ಊರಿನ ಎಲ್ಲ ದುಡಿಮೆಗೂ ದರ ಕಟ್ಟುವುದು ರಾಜ್ಯ ಸರ್ಕಾರದ ಕೆಲಸವಾಗಿಯೇ ಇರಲಿ. ಇಲ್ಲಿ ನಗರಸಭೆ ಕೆಲಸ ಮಾಡಿಸುವ ಜಾಗದಲ್ಲಿದೆ. ಕಾಂಕ್ರೀಟು ಎಷ್ಟು ಗಟ್ಟಿಯಿರಬೇಕೆಂದು ಷರತ್ತು ಹಾಕುವವರು ಅದನ್ನು ಕಲಸುವವರಿಗೆ ಎಷ್ಟು ಕೊಡಬೇಕೆಂದೂ ಹೇಳಬಹುದು, ಹೇಳಬೇಕು. ಲಂಡನ್ನಿನ ಶಾಲಾ ಮಂಡಳಿ 1889ರಲ್ಲೇ ತನ್ನ ಗುತ್ತಿಗೆಗಳಿಗೆ ಇಂಥ ಷರತ್ತು ಹಾಕಿತು. ಬ್ರಿಟನ್ನಿನ ಸಂಸತ್ತು ನ್ಯಾಯಯುತ ಕೂಲಿಯ ನಿರ್ಣಯ ಮಾಡಿದ್ದು ಆಮೇಲೆ, 1891ರಲ್ಲಿ. ನಮ್ಮ ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಪತ್ರದಲ್ಲೂ ಈ ಷರತ್ತು ಇದೆ.

ನಿಯಮ ಕಾಗದದಲ್ಲಿದ್ದೂ ಕೂಲಿ ಹೇಗೆ ಸೋರುತ್ತದೆಂದು ತಿಳಿಯಲು 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ನಡೆದ ಕಾಮಗಾರಿಗಳನ್ನು ನೋಡಬೇಕು. ಆಗ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಅದನ್ನು ಕೊಡುತ್ತಿದ್ದದ್ದು ಜನರನ್ನು ಕರೆತಂದ ಜಮಾದಾರರ ಕೈಗೆ. ಅವರು ತಲೆಗೆ ಒಂದು ರೂಪಾಯಿ ಹಿಡಿದುಕೊಂಡು 8 ರೂಪಾಯಿ 25 ಪೈಸೆ ಹಂಚುತ್ತಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆಯ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯಾಗಿ ಎತ್ತಿಕೊಂಡಿತು. ಇವರು ಗುತ್ತಿಗೆದಾರರ ಆಳುಗಳು, ನಮ್ಮನ್ನೇಕೆ ಕೇಳುತ್ತೀರಿ ಎಂಬುದು ಸರ್ಕಾರಿ ಸಂಸ್ಥೆಗಳ ವಾದವಾಗಿತ್ತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ತೀರ್ಪು ಅದನ್ನು ಒಪ್ಪಲಿಲ್ಲ. ಕಾನೂನು ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆ ಕೆಲಸ ಮಾಡಿಸುವ ಸಂಸ್ಥೆಯದೂ ಹೌದು; ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಕೆಲಸದವರೇ ಒಪ್ಪಿಕೊಂಡು ಬಂದಿದ್ದಾರಲ್ಲ ಎನ್ನುವವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ. ಇಂದು ಆ ಜಮಾದಾರನ ಜಾಗದಲ್ಲಿ ಮುಂಗಡ ಕೊಟ್ಟು ಆಳು ತರುವ ಮೇಸ್ತ್ರಿ ಇದ್ದಾನೆ. ಹಾಜರಿ ಪುಸ್ತಕವೂ ಬಟವಾಡೆಯೂ ಅವನ ಕೈಯಲ್ಲೇ.

ಖರ್ಚು ಹೆಚ್ಚುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಂದು ಕಾಮಗಾರಿಯಲ್ಲಿ ಕೂಲಿಯ ಪಾಲು ಶೇ 30 ಎಂದಿಟ್ಟುಕೊಳ್ಳಿ. ಕೂಲಿ ಐದನೇ ಒಂದು ಪಾಲು ಏರಿದರೆ ಒಟ್ಟು ವೆಚ್ಚ ಶೇ 6ರಷ್ಟು ಏರುತ್ತದೆ. ಬಡ ಪುರಸಭೆಗೆ ಅದು ಸಣ್ಣ ಮೊತ್ತವಲ್ಲ. ನೂರು ಮೀಟರ್ ಚರಂಡಿ ಸುಮಾರು ತೊಂಬತ್ತನಾಲ್ಕು ಮೀಟರಿಗೆ ನಿಲ್ಲುತ್ತದೆ. ಆದರೆ ಅಂದಾಜು ಪಟ್ಟಿ ತಯಾರಾಗುವುದು ಲೋಕೋಪಯೋಗಿ ಇಲಾಖೆಯ ದರಪಟ್ಟಿಯ (ಎಸ್‌ಆರ್) ಮೇಲೆ, ಅದರಲ್ಲಿ ಕೂಲಿಯೂ ಸೇರಿರುತ್ತದೆ. ಕೆಲಸದವರ ಹೆಸರಿನಲ್ಲಿ ಲೆಕ್ಕ ಹಾಕಿದ ಹಣವನ್ನೇ ಟೆಂಡರಿನಲ್ಲಿ ಕೊರೆದು ಉಳಿತಾಯ ಎನ್ನುವುದನ್ನು ನಾನು ಒಪ್ಪಲಾರೆ. ಪೈಪೋಟಿ ಇರಲಿ: ಯಂತ್ರ ಬಳಸುವ ಜಾಣ್ಮೆಯಲ್ಲಿ, ಸಾಮಗ್ರಿ ಪೋಲಾಗದಂತೆ ನೋಡುವುದರಲ್ಲಿ, ಲಾಭದ ಪ್ರಮಾಣದಲ್ಲಿ. ಕೂಲಿಯ ಸಾಲನ್ನು ಮಾತ್ರ ಪೈಪೋಟಿಯಿಂದ ಹೊರಗಿಡಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹೊಸ ನಿಯಮವೆಂದರೆ ಎಂಜಿನಿಯರಿಗೆ ಇನ್ನೊಂದು ಸಹಿ, ಆ ಸಹಿಗೆ ಇನ್ನೊಂದು ದರ. ಅನುಭವದಿಂದ ಬಂದ ಈ ಭಯವನ್ನು ತಳ್ಳಿಹಾಕುವಂತಿಲ್ಲ. ಅದಕ್ಕೇ ನಿಯಮವನ್ನು ಪ್ರಮಾಣಪತ್ರಕ್ಕೆ ನೇತುಹಾಕಬಾರದು. ಕಾಮಗಾರಿಯ ಮೊತ್ತ ಮತ್ತು ಗುತ್ತಿಗೆದಾರರ ಹೆಸರು ಬರೆಯುವ ಫಲಕದ ಮೇಲೆಯೇ ಗಾರೆಯವರ, ಕಂಬಿ ಕಟ್ಟುವವರ, ಕೈಯಾಳಿನ ದಿನಗೂಲಿಯನ್ನೂ ಬರೆಸಲಿ, ಕನ್ನಡದಲ್ಲೂ ಹಿಂದಿಯಲ್ಲೂ. ಗಂಡಾಳು ಹೆಣ್ಣಾಳೆಂದು ಎರಡು ದರ ಬೇಡ. ಕೂಲಿ ನೇರ ಬ್ಯಾಂಕ್ ಖಾತೆಗೆ ಹೋಗಲಿ, ಉಪಗುತ್ತಿಗೆಯವರಿಗೂ ಇದೇ ಅನ್ವಯಿಸಲಿ. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ಗುತ್ತಿಗೆದಾರರನ್ನು ದೂರವಿಟ್ಟು, ಖಾತೆಗೇ ಕೂಲಿ ಹಾಕಿಸಿ ನಮ್ಮ ಗ್ರಾಮ ಪಂಚಾಯಿತಿಗಳು ಕೆರೆ ಹೂಳು ತೆಗೆಸಿವೆ. ಅಲ್ಲೂ ಅಕ್ರಮಗಳಾಗಿವೆ, ನಿಜ. ಆದರೆ ಹಾಜರಿ ಪಟ್ಟಿ ಸಾರ್ವಜನಿಕವಾಗಿದ್ದದ್ದರಿಂದಲೇ ಎಷ್ಟೋ ಹೊರಬಿದ್ದವು.

ರಾಜ್ಯದ ಕನಿಷ್ಠ ಕೂಲಿ ಇರುವಾಗ ಊರಿಗೊಂದು ದರ ಏಕೆ? ಕುಂದಾಪುರದಲ್ಲಿ ಮನೆ ಕಟ್ಟುವ ಗಾರೆಯವರಿಗೆ ಸಿಗುವ ಕೂಲಿ ಯಾದಗಿರಿಯಲ್ಲಿ ಸಿಗುವುದಿಲ್ಲ. ಕನಿಷ್ಠ ಕೂಲಿಯೆಂದರೆ ಅದಕ್ಕಿಂತ ಕೆಳಗಿಳಿಯಬಾರದೆಂಬ ಗೆರೆ ಮಾತ್ರ. ಆ ಊರಿನಲ್ಲಿ ಖಾಸಗಿ ಮನೆ ಕಟ್ಟುವವರಿಗೆ ಸಿಗುವಷ್ಟಾದರೂ ಸಾರ್ವಜನಿಕ ಕಟ್ಟಡ ಕಟ್ಟುವವರಿಗೆ ಸಿಗಬೇಕು, ಮತ್ತು ಆ ದರವನ್ನು ಸ್ಥಳದಲ್ಲೇ ವಿಚಾರಿಸಿ ತಿಳಿಯಬಲ್ಲದ್ದು ಅಲ್ಲಿನ ಸಂಸ್ಥೆಯೇ.

ಸಣ್ಣ ಗುತ್ತಿಗೆದಾರರ ಅಳಲಿನಲ್ಲೂ ಸತ್ಯವಿದೆ. ಬಿಲ್ಲು ತಿಂಗಳುಗಟ್ಟಲೆ ಬಾಕಿಯಿದ್ದರೆ ಅವರು ವಾರದ ಬಟವಾಡೆ ಮಾಡುವುದು ಬಡ್ಡಿ ಸಾಲದಿಂದ. ಹಾಗಾಗಿ ಇದೇ ನಿಯಮದಲ್ಲಿ ನಗರಸಭೆ ತನಗೂ ಗಡುವು ಹಾಕಿಕೊಳ್ಳಬೇಕು: ಅಳತೆ ಪುಸ್ತಕದಲ್ಲಿ ದಾಖಲಾದ ಕೆಲಸಕ್ಕೆ ಮೂವತ್ತು ದಿನದೊಳಗೆ ಹಣ, ತಡವಾದರೆ ಬಡ್ಡಿ ಸಮೇತ.