ದಾಸವಾಳದ ಕುಡಿ ಮುರುಟಿದರೆ ಹೊಲಕ್ಕೂ ಎಚ್ಚರಿಕೆ

ಚಳಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಹಿತ್ತಲಿನ ದಾಸವಾಳದ ಕುಡಿಗಳನ್ನು ಗಮನಿಸಬೇಕು. ಎಲೆ ಮುರುಟಿ, ಮೊಗ್ಗು ಅರಳದೆ ಉದುರಿ, ಗೆಣ್ಣಿನ ಸಂದಿಯಲ್ಲಿ ಹತ್ತಿ ಅಂಟಿದಂತೆ ಬಿಳುಪು ಕಂಡರೆ ಅದು ಹಿಟ್ಟು ತಿಗಣೆ. ಗಿಡ ಸೊರಗಿದೆಯೆಂದು ಇನ್ನೊಂದು ಹಿಡಿ ಯೂರಿಯಾ ಹಾಕುವವರೇ ಹೆಚ್ಚು. ಅದರಿಂದ ಬರುವ ಎಳೆ ಚಿಗುರು ತಿಗಣೆಗೇ ಔತಣ.

ಒಂದು ಮನೆಯ ಪೂಜೆಯ ಹೂವಿಗಷ್ಟೇ ಕುತ್ತಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ದಾಸವಾಳವನ್ನು ಕಾಡುವ ಗುಲಾಬಿ ಹಿಟ್ಟು ತಿಗಣೆಯೇ ಹಿಪ್ಪುನೇರಳೆಗೆ ಟುಕ್ರಾ ಎಂಬ ಎಲೆ ಮುರುಟುವ ಬಾಧೆ ತರುತ್ತದೆ, ದ್ರಾಕ್ಷಿ ಗೊಂಚಲನ್ನೂ ಕೆಡಿಸುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪತ್ತೆಯಾದ ಪಪ್ಪಾಯಿ ಹಿಟ್ಟು ತಿಗಣೆಗೂ ದಾಸವಾಳ ಆಸರೆ. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸಿನ ಬೆಳೆಗಾರರನ್ನು ಕಂಗೆಡಿಸಿದ ಅದು ಹತೋಟಿಗೆ ಬಂದದ್ದು, 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ತರಿಸಿ, ಬೆಳೆಸಿ ಬಿಟ್ಟ ಪುಟ್ಟ ಕಣಜಗಳಿಂದ. ರಾಮನಗರ, ಶಿಡ್ಲಘಟ್ಟದಂಥ ರೇಷ್ಮೆ ಸೀಮೆಯಲ್ಲಿ ಬೇಲಿಯ ದಾಸವಾಳವನ್ನು ಕಡೆಗಣಿಸುವಂತಿಲ್ಲ.

ಮೊದಲ ಸುಳಿವು ಕೊಡುವುದು ಇರುವೆ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಅವು ಕಾಂಡದುದ್ದಕ್ಕೂ ಸಾಲುಗಟ್ಟುತ್ತವೆ, ತಿಗಣೆಯ ಶತ್ರುಗಳನ್ನೂ ಓಡಿಸುತ್ತವೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆ ಮಸಿ ಹಿಡಿದಂತಾಗುವ ಹೊತ್ತಿಗೆ ಬಾಧೆ ಮುಂದುವರಿದಿರುತ್ತದೆ. ಮುರುಟಿದ ಕುಡಿಗಳನ್ನು ಕತ್ತರಿಸಿ ಸಾಬೂನು ನೀರಲ್ಲಿ ಮುಳುಗಿಸಿ, ತಿಪ್ಪೆಗೆ ಎಸೆಯಬೇಡಿ. ಉಳಿದ ಭಾಗಕ್ಕೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ. ಸಂಜೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸಾಬೂನು ಕಲಸಿ ಎಲೆಯ ತಳಭಾಗ ನೆನೆಯುವಂತೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಬಳಿದರೆ ಇರುವೆ ಹತ್ತದು. ಹೊಸ ಚಿಗುರು ನೇರವಾಗಿ ಬಂದ ಮೇಲಷ್ಟೇ ಗೊಬ್ಬರ.

ಕಡು ವಿಷ ಮಾತ್ರ ಬೇಡ. ಮೇಣದ ಹೊದಿಕೆಯೊಳಗಿನ ತಿಗಣೆ ಬಹುಪಾಲು ಬಚಾವಾಗುತ್ತದೆ, ಸಾಯುವುದು ಅದರ ಶತ್ರುಗಳಾದ ಕಣಜ ಮತ್ತು ಗುಲಗಂಜಿ ಹುಳು. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಯೂ ಬಿಳಿ ಮೇಣ ಹೊದ್ದು ತಿಗಣೆಯಂತೆಯೇ ಕಾಣುತ್ತದೆ. ತಿಗಣೆಗಿಂತ ದೊಡ್ಡದಾಗಿ, ಉದ್ದುದ್ದ ಎಳೆಗಳೊಂದಿಗೆ ಚುರುಕಾಗಿ ಓಡಾಡುವುದಾದರೆ ಅದನ್ನು ಹೊಸಕಬೇಡಿ. ಅಂಥ ಕೊಂಬೆಗೆ ಬೇವಿನೆಣ್ಣೆಯೂ ಬೇಡ.

ಈ ಪೀಡೆ ಊರಿಂದೂರಿಗೆ ಹೋಗುವುದು ಹೆಚ್ಚಾಗಿ ಸಸಿಗಳ ಜತೆ. ನರ್ಸರಿಗಳು ಅಂಟು ಹತ್ತಿದ ಸಸಿ ಮಾರದಂತೆ ತೋಟಗಾರಿಕೆ ಇಲಾಖೆ ಬೇಸಿಗೆಗೆ ಮುನ್ನವೇ ತಪಾಸಣೆ ನಡೆಸಬೇಕು. ಕೊಳ್ಳುವವರು ಹೂವಿನ ಬಣ್ಣ ನೋಡುವ ಮೊದಲು ಎಲೆ ಮಗುಚಿ ನೋಡಲಿ.