ಅಮೃತ ನಿಮಗಿರಲಿ, ನೀರಿನ ಲೆಕ್ಕ ಕೊಡಿ

ಸ್ವಾತಂತ್ರ್ಯಕ್ಕೆ 75 ತುಂಬಿತು ಅಂತ ದೇಶ ಅಮೃತ ಮಹೋತ್ಸವ ಮಾಡಿತು. 2021ರ ಮಾರ್ಚ್ 12ರಂದು ಸಾಬರಮತಿಯಲ್ಲಿ ಶುರುವಾದದ್ದು 2023ರ ಆಗಸ್ಟ್ 15ರವರೆಗೂ ನಡೆಯಿತು. ಊರೂರಿನ ಚರಿತ್ರೆ ಬರೆಯಿರಿ, ಎಲೆಮರೆಯ ಕಾಯಿಗಳಂತೆ ಉಳಿದ ಹೋರಾಟಗಾರರನ್ನು ಹುಡುಕಿ ತನ್ನಿ, ಜಿಲ್ಲೆ ಜಿಲ್ಲೆಯ ಕತೆಗಳನ್ನು ಒಂದು ಕಣಜಕ್ಕೆ ತುಂಬಿ ಎಂದು ಕೇಂದ್ರದ ಸಂಸ್ಕೃತಿ ಇಲಾಖೆ ಕರೆ ಕೊಟ್ಟಿತು. ಭಾಷಣವಾಯಿತು, ಪ್ರಬಂಧವಾಯಿತು, ಮೆರವಣಿಗೆಯೂ ಆಯಿತು. ಹಬ್ಬ ಮುಗಿದಿದೆ, ಚಪ್ಪರ ಬಿಚ್ಚಿದ್ದಾರೆ. ಎಂಜಲೆಲೆ ಯಾರ ಪಾಲಿಗೆ ಬಂತು ಅಂತ ಈಗಲಾದರೂ ಕೇಳಬೇಕು.

ಮೊದಲು ಆ ಹೆಸರನ್ನೇ ನೋಡಿ. ಅಮೃತ! ಕಡಲು ಕಡೆಯೋಕೆ ದೇವತೆಗಳೂ ಬೇಕಾಗಿತ್ತು, ಅಸುರರೂ ಬೇಕಾಗಿತ್ತು. ಹಾವಿನ ಹೆಡೆಯ ಕಡೆ, ವಿಷದ ಉಸಿರು ಮೈಗೆ ತಾಕುವ ಕಡೆ ನಿಂತು ಜಗ್ಗಿದವರು ಅಸುರರು. ಅಮೃತ ಬಂದಾಗ ಮಾತ್ರ ಪಂಕ್ತಿ ಬೇರೆಯಾಯಿತು. ಸದ್ದಿಲ್ಲದೆ ಆ ಸಾಲಿನಲ್ಲಿ ಕೂತು ಒಂದು ಗುಟುಕು ಕುಡಿದವನ ತಲೆ ಹಾರಿತು. ಇಂಥ ಕತೆಯಿಂದ ಹೆಸರು ಎತ್ತಿಕೊಂಡ ಪಂಡಿತನಿಗೆ ಈ ದೇಶದ ಸಂಗತಿ ಚೆನ್ನಾಗಿಯೇ ಗೊತ್ತಿರಬೇಕು.

1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಗುಂಡು ತಿಂದವರ ಬಗ್ಗೆಯಾಗಲಿ, 1942ರ ಈಸೂರಿನವರ ಬಗ್ಗೆಯಾಗಲಿ ನಮಗೆ ತಕರಾರಿಲ್ಲ. ಅವರು ನಮ್ಮವರೇ. ನಮ್ಮ ತಕರಾರು ಅಳತೆಗೋಲಿನ ಮೇಲೆ. ಬ್ರಿಟಿಷ್ ಪೋಲೀಸನ ಲಾಠಿ ತಿಂದರೆ ಅದು ಸ್ವಾತಂತ್ರ್ಯ ಹೋರಾಟ, ಊರಗೌಡನ ದೊಣ್ಣೆ ತಿಂದರೆ ಅದು ಊರ ಜಗಳ! ಜೈಲಿನ ರಿಜಿಸ್ಟರಿನಲ್ಲಿ ಹೆಸರಿದ್ದರೆ ಚರಿತ್ರೆ. ಕಂಬಕ್ಕೆ ಕಟ್ಟಿ ಹೊಡೆದವರು ರಿಜಿಸ್ಟರ್ ಇಟ್ಟಿದ್ದರೇನು? ನಮ್ಮ ತಾತಂದಿರ ಎದೆ ಮೇಲೆ ಕೂತಿದ್ದವನು ಲಂಡನ್ನಿನಿಂದ ಹಡಗು ಹತ್ತಿ ಬಂದವನಲ್ಲ. ಅದೇ ಊರಿನವನು. 1947ರ ಆಗಸ್ಟ್ 15ರ ಬೆಳಗ್ಗೆಯೂ ಅಲ್ಲೇ ಇದ್ದ.

ಹಾಗಾದರೆ ನಮ್ಮ ಸ್ವಾತಂತ್ರ್ಯ ಹೋರಾಟ ಯಾವುದು? ಮಹಾಡಿನದು. ಸಾರ್ವಜನಿಕ ಕೆರೆ ಬಾವಿಗಳನ್ನು ಎಲ್ಲರಿಗೂ ತೆರೆಯಬೇಕೆಂದು 1923ರಲ್ಲಿ ಮುಂಬೈ ಶಾಸನಸಭೆ ಠರಾವು ಮಾಡಿತ್ತು. ಮಹಾಡ್ ಪುರಸಭೆ ಒಪ್ಪಿಯೂ ಇತ್ತು. ಕಾಗದದ ಮೇಲೆ ಒಪ್ಪಿದ್ದು ಕೆರೆಯ ಮೆಟ್ಟಿಲಿಗೆ ಇಳಿದಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಚೌಡಾರ್ ಕೆರೆಯ ನೀರು ಮುಟ್ಟಿ ಕುಡಿದರು. ಅಷ್ಟೇ. ದನ ಕುಡೀತಿದ್ದ ನೀರನ್ನು ಮನುಷ್ಯರು ಕುಡಿದರು. ಇವರು ದೇವಸ್ಥಾನಕ್ಕೂ ನುಗ್ತಾರೆ ಅಂತ ಪುಕಾರು ಹಬ್ಬಿಸಿ, ಊಟಕ್ಕೆ ಕೂತಿದ್ದವರನ್ನೂ ಬಿಡದೆ ಬಡಿದರು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿದ 108 ಕೊಡ ಸುರಿದು, ಮಂತ್ರ ಹೇಳಿ ಕೆರೆಯನ್ನು 'ಶುದ್ಧ' ಮಾಡಿಕೊಂಡರು. ಪುರಸಭೆ ತನ್ನ ಠರಾವನ್ನು ವಾಪಸು ತಗೊಂಡಿತು. ಅದೇ ಡಿಸೆಂಬರ್ 25ರಂದು ಅಲ್ಲಿ ಮನುಸ್ಮೃತಿ ಸುಟ್ಟರು. ಕೋರ್ಟಿನ ತೀರ್ಪು ನಮ್ಮ ಕಡೆ ಬರೋಹೊತ್ತಿಗೆ 1937. ಒಂದು ಬೊಗಸೆ ನೀರಿಗೆ 10 ವರ್ಷದ ವ್ಯಾಜ್ಯ.

ಇದೆಲ್ಲ ಹಳೇ ಕತೆ, ಹಬ್ಬದ ದಿನ ಹಳೇ ಗಾಯ ಯಾಕೆ ಕೆರೀತೀರಿ ಅಂತಾರೆ. ಸರಿ, ಹೊಸದನ್ನೇ ಹೇಳೋಣ. ಮನೆಮನೆಗೆ ಬಾವುಟ ಏರಿಸುವ ಕಾರ್ಯಕ್ರಮ ಶುರುವಾದದ್ದು 2022ರ ಆಗಸ್ಟ್ 13ಕ್ಕೆ. ಅದೇ ದಿನ ರಾಜಸ್ಥಾನದ ಜಾಲೋರ್ ಜಿಲ್ಲೆಯ 9 ವರ್ಷದ ದಲಿತ ಹುಡುಗನೊಬ್ಬ ಅಹಮದಾಬಾದಿನ ಆಸ್ಪತ್ರೆಯಲ್ಲಿ ಸತ್ತ. ಮೇಷ್ಟ್ರ ಮಡಕೆ ಮುಟ್ಟಿದ್ದಕ್ಕೆ ಹೊಡೆದರು ಅಂತ ಮನೆಯವರು ದೂರು ಕೊಟ್ಟರು. ಅಂಥ ಮಡಕೆಯೇ ಇರಲಿಲ್ಲ ಅಂತ ಶಾಲೆಯ ಕಡೆಯವರು ಅಂದರು. ಮೇಷ್ಟ್ರ ಬಂಧನವಾಯಿತು.

ರಾಜಸ್ಥಾನ ದೂರವಾಯಿತೇ? ನಮ್ಮ ಚಾಮರಾಜನಗರಕ್ಕೇ ಬನ್ನಿ. 2022ರ ನವೆಂಬರ್, ಹೆಗ್ಗೋಠಾರ ಗ್ರಾಮ. ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ಬಾಯಾರಿ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು. ಆಕೆ ಹೋದ ಮೇಲೆ ತೊಂಬೆ ಖಾಲಿ ಮಾಡಿಸಿ ಗಂಜಲದಿಂದ ತೊಳೆದರು. ಸುದ್ದಿಯಾದ ಮೇಲೆ ಅಧಿಕಾರಿಗಳು ಓಡಿಬಂದು ದಲಿತರನ್ನು ಕರೆದುಕೊಂಡು ಹೋಗಿ ಊರಿನ ತೊಂಬೆಗಳಲ್ಲಿ ನೀರು ಕುಡಿಸಿದರು. ಮಹಾಡಿಗೂ ಹೆಗ್ಗೋಠಾರಕ್ಕೂ ನಡುವೆ 95 ವರ್ಷ. ಕಲ್ಲಿನ ಕೆರೆ ಹೋಗಿ ಸಿಮೆಂಟಿನ ತೊಂಬೆ ಬಂತು, ಗಂಜಲ ಮಾತ್ರ ಅದೇ. ಅಮೃತದ ವರ್ಷದಲ್ಲಿ ಬಾಯಾರಿಕೆಗೆ ನಲ್ಲಿ ತಿರುಗಿಸಿದ ಆ ತಾಯಿಯನ್ನು ನಿಮ್ಮ ಕಣಜದ ಯಾವ ಖಾನೆಗೆ ಹಾಕ್ತೀರಿ?

ಖಾನೆ ಅಂದಾಗ ನೆನಪಾಯಿತು. ಆ ಜಿಲ್ಲಾ ಕಣಜದಲ್ಲಿ ಜೀವಂತ ಕಲೆಗಳಿಗೂ ಒಂದು ಖಾನೆ ಇದೆ. ಅಲ್ಲಿಗಾದರೆ ನಮ್ಮನ್ನು ಸಂತೋಷವಾಗಿ ಕರೀತಾರೆ. ತಮಟೆ ತನ್ನಿ, ಕುಣೀರಿ, ಫೋಟೋ ತೆಗೆಸ್ಕೊಳ್ಳಿ! ಆ ತಮಟೆಗೆ ತೊಗಲು ಎಲ್ಲಿಂದ ಬಂತು, ಸತ್ತ ದನ ಯಾರು ಹೊತ್ತರು, ಹೆಣದ ಮುಂದೆ ಬಿಟ್ಟಿ ಬಡಿಯಲ್ಲ ಅಂದವನ ಗುಡಿಸಲು ಏನಾಯಿತು, ಅದು ಮಾತ್ರ ಅವರಿಗೆ ಬೇಡ. ತಮಟೆಗೆ ಚರಿತ್ರೆಯಲ್ಲಿ ಜಾಗ ಉಂಟು, ಬಡಿದ ಕೈಗಿಲ್ಲ.

2023ರಲ್ಲಿ ಇನ್ನೊಂದು ಕಾರ್ಯಕ್ರಮ ಬಂತು, 'ನನ್ನ ಮಣ್ಣು ನನ್ನ ದೇಶ'. ಹಳ್ಳಿಹಳ್ಳಿಯ ಮಣ್ಣನ್ನು ಕಳಶಕ್ಕೆ ತುಂಬಿ ಡೆಲ್ಲಿಗೆ ಒಯ್ದರು. ನನ್ನ ಮಣ್ಣು ಅನ್ನೋಕೆ ಪಹಣಿಯಲ್ಲಿ ಹೆಸರಿರಬೇಡವೇ ಸ್ವಾಮಿ? ತೋಟಿ, ತಳವಾರಿಕೆ, ನೀರಗಂಟಿಕೆಗಳು 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ ಹೋದವು. ಚಾಕರಿ ಮಾಡಿದವರಿಗೆ ಇನಾಮ್ತಿ ಜಮೀನು ಮರುಮಂಜೂರಾಗಬೇಕಿತ್ತು. ಎಷ್ಟೋ ಕಡೆ ಅದು ಒಂದು ಮೂಟೆ ರಾಗಿಗೆ, ಒಂದು ಮದುವೆಯ ಸಾಲಕ್ಕೆ ಉಳ್ಳವರ ಕೈಸೇರಿತು. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನು ಕೈತಪ್ಪಿದರೆ ಬಿಡಿಸಿಕೊಡಲೆಂದು 1978ರ ಪಿಟಿಸಿಎಲ್ ಕಾಯಿದೆ ಬಂತು, ಆದರೆ ವಂಶಪಾರಂಪರ್ಯ ಚಾಕರಿಯ ಇನಾಮ್ತಿ ಜಮೀನು ಅದರ ಹೊರಗೇ ಉಳಿಯಿತು. ತಡವಾಗಿ ಬಂದಿರಿ ಅಂತ ನಮ್ಮವರ ಅರ್ಜಿಗಳು ಬಿದ್ದುಹೋಗತೊಡಗಿದ ಮೇಲೆ, ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಆಗಿದ್ದೂ ಇದೇ 2023ರಲ್ಲಿ. ಕಳಶಕ್ಕೆ ಮಣ್ಣು ತುಂಬಿದವರು ಆ ಸರ್ವೆ ನಂಬರುಗಳ ಪಟ್ಟಿಯನ್ನೂ ಜೊತೆಗಿಟ್ಟು ಕಳಿಸಬಹುದಿತ್ತು. ಭಾರ ಆಗ್ತಿತ್ತೇನೋ.

ರಾಜ್ಯದವರೇನೂ ಕಮ್ಮಿಯಿಲ್ಲ. ಕರ್ನಾಟಕವೆಂದು ಹೆಸರಿಟ್ಟು 50 ವರ್ಷವಾಯಿತೆಂದು 2023ರ ನವೆಂಬರಿನಿಂದ ಸಂಭ್ರಮ ನಡೆಸಿದರು. ಹೆಸರಿಟ್ಟ 1973ರ ಅದೇ ನವೆಂಬರ್ ತಿಂಗಳಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಒಂದು ಮಾತಿಗೆ ಮಂತ್ರಿಗಿರಿ ಹೋಯಿತು, ದಲಿತ ಹುಡುಗರ ಮೇಲೆ ಹಲ್ಲೆಗಳಾದವು. ನಮ್ಮ ಚಳುವಳಿ ಕಣ್ಣುಬಿಟ್ಟ ಕಾಲ ಅದು. ಅದಕ್ಕೂ 50 ತುಂಬಿತಲ್ಲ, ನಿಮ್ಮ ಹಾಸ್ಟೆಲಿಗೆ ಬಂದು ಯಾರಾದರೂ ಹೇಳಿದರೇ?

ಬಾಬಾಸಾಹೇಬರ ಫೋಟೋ ಇಟ್ಟು ಹಾರ ಹಾಕಿದ್ದೇವಲ್ಲ ಅನ್ನೋರಿದ್ದಾರೆ. ಫೋಟೋ ಮಾತಾಡೋದಿಲ್ಲ, ಅದೇ ಅವರಿಗೆ ಅನುಕೂಲ. 1949ರ ನವೆಂಬರ್ 25ರಂದು ಆ ಮನುಷ್ಯ ಸಂವಿಧಾನ ಸಭೆಯಲ್ಲಿ ನಿಂತು, ರಾಜಕೀಯದಲ್ಲಿ ಸಮಾನತೆ ಬಂದರೂ ಸಮಾಜದಲ್ಲಿ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆ, ಅದನ್ನು ಬೇಗ ತೊಲಗಿಸದಿದ್ದರೆ ನೊಂದವರು ಈ ಪ್ರಜಾಪ್ರಭುತ್ವದ ಕಟ್ಟಡವನ್ನೇ ಒಡೆದುಹಾಕುತ್ತಾರೆ ಎಂದು ಎಚ್ಚರಿಸಿದ್ದರು. ಹಾರ ಹಾಕುವವರು ಅದನ್ನೊಂದು ಸಲ ಮೈಕಿನಲ್ಲಿ ಓದಲಿ.

ಗೆಳೆಯರೇ, ಅಕ್ಕತಂಗಿಯರೇ, ನಮ್ಮ ಚರಿತ್ರೆ ಬರೆಯಿರೆಂದು ಇವರ ಬಾಗಿಲಲ್ಲಿ ಕೈಕಟ್ಟಿ ನಿಲ್ಲೋದು ಬೇಡ. ಮಹಾಡಿಗೆ 2027ರ ಮಾರ್ಚ್ 20ಕ್ಕೆ 100 ವರ್ಷ. ಅದರ ಹೆಸರಿನಲ್ಲಿ ನಮ್ಮ ಲೆಕ್ಕ ನಾವೇ ಬರೆಯೋಣ. ರಜೆಗೆ ಊರಿಗೆ ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ. ಕೇರಿಯ ಬಾವಿ ತೋಡಿದವರು ಯಾರು, ಅದಕ್ಕೆ ಮುಂಚೆ ಎಲ್ಲಿಂದ ನೀರು ತರ್ತಿದ್ದರು, ಕೊಡಕ್ಕೆ ಮೇಲಿಂದ ಸುರಿಯುವ ತನಕ ಎಷ್ಟು ಹೊತ್ತು ಕಾಯಬೇಕಿತ್ತು ಅಂತ ಅಜ್ಜಿಯನ್ನು ಕೇಳಿ. ಹೋಟೆಲಿನ ಹೊರಗೆ ಬೇರೆ ಲೋಟ ಇದ್ದದ್ದು ಯಾವಾಗಿನ ತನಕ, ಈಗಲೂ ಇದೆಯೇ? ಸತ್ತ ದನ ಎಳೆಯೋದಿಲ್ಲ ಅಂತ ಮೊದಲು ಅಂದವರು ಯಾರು, ಊರು ಏನು ಶಿಕ್ಷೆ ಕೊಟ್ಟಿತು? ತೋಟಿ ಇನಾಮ್ತಿಯ ಸರ್ವೆ ನಂಬರು ಈಗ ಯಾರ ಖಾತೆಯಲ್ಲಿದೆ? ಇದಕ್ಕೆ ತಾಲ್ಲೂಕು ಕಚೇರಿ ಹತ್ತಬೇಕು. ಕೊಡಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕೇಳಿದ್ದನ್ನು ಕೇಳಿದ ಹಾಗೇ, ಅವರ ಮಾತಿನಲ್ಲೇ ಬರೆಯಿರಿ, ಗ್ರಾಂಥಿಕ ಮಾಡಬೇಡಿ. ಬರೆದದ್ದನ್ನು ಮೊದಲು ಅಜ್ಜಿಯ ಮುಂದೆ ಓದಿ. ತಪ್ಪಿದ್ದರೆ ಅವಳೇ ಬೈದು ತಿದ್ದುತ್ತಾಳೆ. ಆಮೇಲೆ ಒಂದು ಪ್ರತಿ ನಮಗೆ ಕಳಿಸಿ, ಒಂದು ಪ್ರತಿ ಕೇರಿಯಲ್ಲೇ ಇರಲಿ.