ಸಿಂಗಪುರದಲ್ಲಿ ಮಗಳ ಬಾಣಂತನ



ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಓದಿ ಕೆಳಗಿಡಲು ಮನಸ್ಸಾಗಲಿಲ್ಲ. ಬರೆದವರು ಮಲೆನಾಡಿನ ಕಡೆಯ ಒಬ್ಬ ತಾಯಿ. ಮಗಳು ಅಳಿಯ ಸಿಂಗಪುರದಲ್ಲಿದ್ದಾರೆ, ಚೊಚ್ಚಲ ಹೆರಿಗೆ ಅಲ್ಲೇ. ಇವರೋ, ತಿರುಪತಿ ಬಿಟ್ಟರೆ ಬೇರೆ ದೂರದ ಊರು ಕಂಡವರಲ್ಲ. "ಒಂದು ಪಕ್ಕ ಚೀನಿಯರ ಮನೆ, ಇನ್ನೊಂದು ಪಕ್ಕ ಮುಸಲ್ಮಾನರ ಮನೆಯಂತೆ. ನಮ್ಮ ಒಗ್ಗರಣೆ ವಾಸನೆಗೆ ಜಗಳ ಬಂದರೆ ಏನು ಗತಿ? ನಮ್ಮ ಪದ್ಧತಿಯ ಬಾಣಂತನ ಅಲ್ಲಿ ನಡೆಯುತ್ತದೆಯೇ? ಹೋಗಲೋ ಬೇಡವೋ ಹೇಳಿ ಅಕ್ಕಾ" ಅಂತ ಕೇಳಿದ್ದಾರೆ.

ಹೋಗಿ ತಾಯಿ, ಖಂಡಿತ ಹೋಗಿ. ಆ ಊರು ಎಂಥದ್ದು ಅಂತ ಮೊದಲೇ ಸ್ವಲ್ಪ ತಿಳಿದಿದ್ದರೆ ಅರ್ಧ ಭಯ ಇಲ್ಲೇ ಕಳೆಯುತ್ತದೆ.

ಸಿಂಗಪುರ ಊರೂ ಹೌದು, ದೇಶವೂ ಹೌದು. 1965ರ ಆಗಸ್ಟ್ 9ರಂದು ಮಲೇಷ್ಯಾದಿಂದ ಬೇರೆಯಾಗಿ ಸ್ವತಂತ್ರವಾಯಿತು. ಸುಮಾರು 735 ಚದರ ಕಿಲೋಮೀಟರ್ ಜಾಗದಲ್ಲಿ 60 ಲಕ್ಷ ಜನ. ಅಲ್ಲಿನ ನಾಗರಿಕರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು ಚೀನೀ ಮೂಲದವರು. ಉಳಿದವರಲ್ಲಿ ಮಲಯರು ಹೆಚ್ಚು, ಆಮೇಲೆ ನಮ್ಮವರು. ಇಂಗ್ಲಿಷ್, ಚೀನೀ, ಮಲಯ, ತಮಿಳು, ಈ ನಾಲ್ಕೂ ಅಧಿಕೃತ ಭಾಷೆಗಳು. ಮಲಯ ಭಾಷೆ ಕೇಳಿದರೆ ನಿಮಗೆ ನಗು ಬರಬಹುದು. ಗಂಡನಿಗೆ ಅವರು 'ಸುವಾಮಿ' ಅನ್ನುತ್ತಾರೆ, ಅದು ನಮ್ಮ ಸ್ವಾಮಿಯೇ! ರಂಜಾನ್ ಉಪವಾಸಕ್ಕೆ 'ಪುವಾಸ', ಅದೂ ನಮ್ಮ ಉಪವಾಸವೇ.

ಅಲ್ಲಿ ಬಹುಪಾಲು ಜನ ಇರುವುದು ಸರ್ಕಾರ ಕಟ್ಟಿಸಿದ ಎತ್ತರದ ಕಟ್ಟಡಗಳಲ್ಲಿ. ಒಂದೇ ಉದ್ದನೆಯ ಪಡಸಾಲೆಗೆ ಸಾಲಾಗಿ ಬಾಗಿಲುಗಳು. ಒಂದು ಬಾಗಿಲಲ್ಲಿ ಕೆಂಪು ಗೂಡಿನಲ್ಲಿ ಊದುಬತ್ತಿ, ಮುಂದಿನದರಲ್ಲಿ ಅರಬಿ ಅಕ್ಷರದ ಫಲಕ, ಅದರಾಚೆ ಮಾವಿನ ತೋರಣ. ಇದು ತಾನಾಗಿ ಆದದ್ದಲ್ಲ. 1964ರಲ್ಲಿ ಚೀನಿಯರಿಗೂ ಮಲಯರಿಗೂ ದೊಡ್ಡ ಗಲಭೆಯಾಗಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಆ ನೆನಪು ಅಲ್ಲಿನವರಿಗೆ ಇನ್ನೂ ಹಸಿ. ಕೇರಿಗೊಂದು ಜಾತಿ ಆಗಬಾರದೆಂದು 1989ರಿಂದ ಒಂದು ನಿಯಮ ಬಂತು. ಯಾವ ಕಟ್ಟಡದಲ್ಲಿ ಯಾವ ಜನಾಂಗದವರು ಎಷ್ಟು ಮಂದಿ ಇರಬಹುದು ಎಂಬುದಕ್ಕೆ ಮಿತಿ ಉಂಟು. ಇದರಿಂದ ಕಷ್ಟವೂ ಇದೆ. ಮನೆ ಮಾರುವಾಗ ಭಾರತೀಯರಿಗೆ, ಮಲಯರಿಗೆ ಗಿರಾಕಿ ಸಿಗುವುದು ಕೆಲವೊಮ್ಮೆ ತಡವಾಗುತ್ತದೆ, ಬೆಲೆಯೂ ಇಳಿಯುತ್ತದೆ. ಬಾಡಿಗೆ ಜಾಹೀರಾತುಗಳಲ್ಲಿ 'ಭಾರತೀಯರಿಗೆ ಇಲ್ಲ' ಎಂದು ಬರೆದದ್ದೂ ಉಂಟು. ಅದನ್ನು ಕೇಳಿ ನಮಗೆ ಸಿಟ್ಟು ಬರುತ್ತದೆ. ಆದರೆ ನಮ್ಮೂರಲ್ಲಿ ಮನೆ ಬಾಡಿಗೆಗೆ ಕೊಡುವಾಗ ನಾವು ಮೊದಲು ಕೇಳುವ ಪ್ರಶ್ನೆ ಯಾವುದು, ಒಮ್ಮೆ ನೆನಪಿಸಿಕೊಳ್ಳಿ.

ಇನ್ನು ಒಗ್ಗರಣೆ ವಾಸನೆಯ ಮಾತು. ನಿಮ್ಮ ಭಯ ಸುಳ್ಳಲ್ಲ. 2011ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಚೀನಾದಿಂದ ಹೊಸದಾಗಿ ಬಂದ ಕುಟುಂಬವೊಂದು ಪಕ್ಕದ ಭಾರತೀಯರ ಮನೆಯ ಕರಿ ವಾಸನೆ ತಡೆಯಲಾಗದೆಂದು ದೂರಿತ್ತಂತೆ. ಮಧ್ಯಸ್ಥಿಕೆಯಲ್ಲಿ ಆದ ರಾಜಿ ಏನು ಗೊತ್ತೇ? ಚೀನೀ ಮನೆಯವರು ಇಲ್ಲದ ಹೊತ್ತಿನಲ್ಲಿ ಮಾತ್ರ ಇವರು ಕರಿ ಮಾಡಬೇಕು. ಸುದ್ದಿ ಓದಿ ಊರಿಗೆ ಊರೇ ಕೆರಳಿತು. ಆಗಸ್ಟ್ 21ರ ಭಾನುವಾರ ಚೀನಿಯರು, ಮಲಯರು, ಭಾರತೀಯರು ಎನ್ನದೆ ಜನ ತಮ್ಮ ತಮ್ಮ ಮನೆಯಲ್ಲಿ ಬೇಕೆಂದೇ ಕರಿ ಮಾಡಿ ನೆರೆಯವರಿಗೆ ಹಂಚಿದರು. ಒಗ್ಗರಣೆಯ ಪರವಾಗಿ ನಿಂತ ಊರು ಅದು! ಹಾಗಂತ ರಾತ್ರಿ ಹನ್ನೊಂದಕ್ಕೆ ಒಣಮೆಣಸು ಹುರಿಯಬೇಡಿ. ಅದು ಎಲ್ಲಿಯೂ ಸರಿಯಲ್ಲ.

ಈಗ ಬಾಣಂತನಕ್ಕೆ ಬರೋಣ. ಚೀನಿಯರಲ್ಲೂ ಬಾಣಂತಿಗೆ ಒಂದು ತಿಂಗಳ ಪಥ್ಯ. ತಣ್ಣಗಿನದು ಕೂಡದು, ಗಾಳಿ ತಾಗಬಾರದು, ಶುಂಠಿ ಮತ್ತು ಎಳ್ಳೆಣ್ಣೆ ಧಾರಾಳ. ಮಲಯರಲ್ಲಿ ನಲವತ್ತು-ನಲವತ್ತನಾಲ್ಕು ದಿನ. ಬಿಸಿ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಶಾಖ ಕೊಡುತ್ತಾರೆ, ಉದ್ದನೆಯ ಬಟ್ಟೆಯಿಂದ ಹೊಟ್ಟೆ ಬಿಗಿಯುತ್ತಾರೆ. ನಾವು ಹಳೆ ಸೀರೆ ಕಟ್ಟುವುದಿಲ್ಲವೇ, ಹಾಗೆಯೇ. ವ್ಯತ್ಯಾಸ ಇಷ್ಟೇ: ನಾವು ಹಂಡೆಗಟ್ಟಲೆ ಬಿಸಿನೀರು ಹೊಯ್ಯುತ್ತೇವೆ, ಚೀನೀ ಅಜ್ಜಿಯರು ತಿಂಗಳಿಡೀ ಸ್ನಾನವೇ ಬೇಡ ಎನ್ನುತ್ತಿದ್ದರು! ಆದ್ದರಿಂದ ನಿಮ್ಮ ಮೆಣಸಿನ ಸಾರು, ಬೆಳ್ಳುಳ್ಳಿ, ಲೇಹ್ಯ ಕಂಡು ಪಕ್ಕದ ಮನೆಯ ಅಜ್ಜಿಗೆ ಆಶ್ಚರ್ಯವೇನೂ ಆಗದು. ಮಗುವಿಗೆ ತಿಂಗಳು ತುಂಬಿದಾಗ ಚೀನಿಯರು ಕೆಂಪು ಬಣ್ಣ ಹಚ್ಚಿದ ಮೊಟ್ಟೆ ಹಂಚುತ್ತಾರೆ. ನೀವು ತಿನ್ನದಿದ್ದರೂ ಎರಡೂ ಕೈಯಿಂದ ತೆಗೆದುಕೊಳ್ಳಿ. ನಿಮ್ಮ ಮೊಮ್ಮಗುವಿನ ನಾಮಕರಣದ ಸಿಹಿಯನ್ನು ಆ ಎರಡೂ ಮನೆಗಳಿಗೆ ಕಳಿಸಿ.

ಕೆಲವು ಎಚ್ಚರಿಕೆಗಳನ್ನು ಬರೆದಿಟ್ಟುಕೊಳ್ಳಿ:

ಗಸಗಸೆ ಒಯ್ಯಲೇಬೇಡಿ. ಬಾಣಂತಿ ಪುಡಿಯಲ್ಲೂ ಬೆರೆಸಬೇಡಿ. ಅಲ್ಲಿ ಅದು ನಿಷೇಧಿತ ವಸ್ತು. ಹೊಗೆಸೊಪ್ಪು, ಚೂಯಿಂಗ್ ಗಮ್ ಕೂಡ ಬೇಡ.

ಮಗುವಿಗೆಂದು ಒಯ್ಯುವ ಹಳೆ ಸೀರೆ ತುಂಡುಗಳಿಗೆ ನುಸಿಗುಳಿಗೆ ಹಾಕಬೇಡಿ. ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿ ಒಯ್ಯಿರಿ. ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದ ಒಂದು ಕೊರತೆ ಇರುತ್ತದೆ. ಅಂಥವರಿಗೆ ನುಸಿಗುಳಿಗೆಯ ವಾಸನೆಯಿಂದಲೇ ಕಾಮಾಲೆ ಏರಿ ಅಪಾಯವಾಗಬಹುದು. ಅಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಇದರ ಪರೀಕ್ಷೆ ಮಾಡುತ್ತಾರೆ.

ವರ್ಷವಿಡೀ ಸೆಖೆಯ ಊರು. ಬಾಣಂತಿಗೆ ನೀರು ಕಡಿಮೆ ಕೊಡುವ ಹಳೆ ಪದ್ಧತಿ ಬಿಡಿ. ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆಯೂ ಬೇಡ.

ಹೊರಗೆ ಊಟ ಮಾಡುವ ಸಂದರ್ಭ ಬಂದರೆ ಹೆದರಬೇಡಿ. ಹತ್ತಾರು ಅಂಗಡಿಗಳು ಒಂದೇ ಸೂರಿನಡಿ ಇರುವ ಊಟದ ಕೇಂದ್ರಗಳು ಎಲ್ಲ ಬಡಾವಣೆಗಳಲ್ಲೂ ಇವೆ. 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣ ಕಂಡರೆ ಕೂರಬೇಡಿ, ಅದು ಬಸ್ಸಿನ ಸೀಟಿಗೆ ನಾವು ಟವಲ್ ಹಾಕಿದ ಹಾಗೆ! ಬರೀ ತರಕಾರಿ ಎಂದರೂ ಸೀಗಡಿಯ ಚಟ್ನಿ ಬೆರೆತಿರಬಹುದು, ಕೇಳಿಯೇ ತಿನ್ನಿ. ಚೀನೀ ಬೌದ್ಧರ ಸಸ್ಯಾಹಾರದ ಅಂಗಡಿಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕದವರಿದ್ದಾರೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸ ಬಿಡುವ ಚೀನಿಯರು ಬಹಳ. ನಮ್ಮ ಅಮಾವಾಸ್ಯೆ ಹುಣ್ಣಿಮೆ ನೆನಪಾಗುತ್ತದೆ, ಅಲ್ಲವೇ?

ಮಗಳು ಚೇತರಿಸಿಕೊಂಡ ಮೇಲೆ ಒಂದು ದಿನ ವಾಟರ್‌ಲೂ ಬೀದಿಗೆ ಹೋಗಿ ಬನ್ನಿ. ಅಲ್ಲಿ ಚೀನಿಯರ ಕರುಣಾದೇವಿ ಕ್ವಾನ್ ಇಮ್‌ಳ ಗುಡಿ ಇದೆ, ಪಕ್ಕದಲ್ಲೇ ನಮ್ಮ ಕೃಷ್ಣನ ಗುಡಿ. ಆ ತಾಯಿಗೆ ಕೈಮುಗಿದ ಚೀನೀ ಹೆಂಗಸರು ಹಾಗೆಯೇ ಬಂದು ಕೃಷ್ಣನಿಗೂ ಊದುಬತ್ತಿ ಹಚ್ಚಿ ಹೋಗುತ್ತಾರೆ.

ಭಾಷೆ ಬರುವುದಿಲ್ಲವೆಂಬ ಚಿಂತೆ ಬಿಡಿ. ಅಲ್ಲಿ ವಯಸ್ಸಾದ ಹೆಂಗಸರೆಲ್ಲ ಎಲ್ಲರಿಗೂ 'ಆಂಟಿ'. ಮಲಯ ನೆರೆಯವಳು 'ಸುದಾ ಮಾಕಾನ್?' ಎಂದು ಕೇಳಿದರೆ ಊಟ ಆಯಿತೇ ಎಂದು ಅರ್ಥ. ಹಳೆಯ ಚೀನಿಯರೂ ಎದುರಾದವರನ್ನು ಕೇಳುವುದು ಅದನ್ನೇ. ನಾವು ಕೇಳುವುದೂ ಅದನ್ನೇ.

ಹೋಗಿ ಬನ್ನಿ ತಾಯಿ. ಬಾಣಂತನ ಮುಗಿಸಿ ನೀವು ಊರಿಗೆ ಬಂದ ಮೇಲೆ ಮಗಳು ಅಲ್ಲಿ ಒಬ್ಬಳೇ. ಮಗುವಿಗೆ ರಾತ್ರಿ ಜ್ವರ ಬಂದರೆ ಅವಳು ತಟ್ಟುವುದು ಪಕ್ಕದ ಬಾಗಿಲನ್ನೇ. ಆ ಬಾಗಿಲು ತೆರೆಯುವ ಹಾಗೆ, ಇರುವಷ್ಟು ದಿನ ನೀವು ಒಂದು ಬಟ್ಟಲು ಪಾಯಸ ಹಿಡಿದು ಹೋಗಿ ಪರಿಚಯ ಮಾಡಿಟ್ಟು ಬನ್ನಿ. ಲೇಹ್ಯದ ಡಬ್ಬಿಗಿಂತ ಅದು ಹೆಚ್ಚು ದಿನ ಉಳಿಯುತ್ತದೆ.

ಬಂದ ಮೇಲೆ ಕಾಗದ ಬರೆಯಿರಿ. ಮಗು ಗಂಡೋ ಹೆಣ್ಣೋ ತಿಳಿಸಿ, ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟ ಮದ್ದು ಏನೆಂದೂ ತಿಳಿಸಿ.